ನೀರು ಹೋಗುವ ದಾರಿ

ಇಂಜಿನ್ ಕಾವಿನ ಮುಳ್ಳು ಇನ್ನೂ ನಡುವಿನಲ್ಲೇ ಇದೆ, ನಡುವಿಗಿಂತ ಕೂದಲೆಳೆಯಷ್ಟು ಮೇಲೆ, ಇಲ್ಲ, ಕಾರು ಕುಲುಕಿದ್ದಕ್ಕೆ ಹಾಗೆ ಕಂಡಿತೇನೋ — ಜಯರಾಮು ಹಿಂದಿನ ಸೀಟಿನಿಂದ ಕತ್ತು ಉದ್ದ ಮಾಡಿ ಹೆಂಡತಿಯ ಹೆಗಲ ಮೇಲಿಂದ ನೋಡುತ್ತಿದ್ದಾನೆ, ತೊಡೆಯ ಮೇಲೆ ಅವ್ವನ ತಲೆ, ಅವ್ವನ ಕೂದಲಲ್ಲಿ ಒಲೆಯ ಹೊಗೆ, ಹರಳೆಣ್ಣೆ, ಆಡಿನ ವಾಸನೆ, ಎದೆ ಅದುಮಿಕೊಂಡ ಅವಳ ಕೈ, ಹಣೆಯ ಬೆವರು ಅವನ ಪಂಚೆಗೆ ಇಳಿದು ತಣ್ಣಗೆ ಅಂಟುತ್ತಿದೆ, ಕಿಟಕಿಯಾಚೆ ಸೋಲಾರ್ ಹಲಗೆಗಳು ಸಾಲಿನ ಹಿಂದೆ ಸಾಲು ಓಡುತ್ತಿವೆ, ಅವುಗಳ ಕೆಳಗೆಲ್ಲೋ ತನ್ನ ಹೊಲವೂ ಇದೆ, ಯಾವ ಸಾಲಿನ ಕೆಳಗೆ ಎಂದು ಈಗ ಅವನಿಗೂ ಗುರುತು ಸಿಗುವುದಿಲ್ಲ, ಪಾವಗಡ ಇನ್ನೂ ದೂರ. ಅಲ್ಲೇನು ನೋಡ್ತಿದೀರಾ, ಅನಸೂಯ ಕನ್ನಡಿಯೊಳಗಿಂದ ಕೇಳಿದಳು, ಅತ್ತೆನ ನೋಡಿ. ಅವ್ವನನ್ನು ನೋಡಿದ. ಮತ್ತೆ ಮುಳ್ಳನ್ನು ನೋಡಿದ. ಹೇಳಿಬಿಡಬೇಕು, ನಿಲ್ಲಿಸು, ರೇಡಿಯೇಟರಿನಲ್ಲಿ ನೀರಿಲ್ಲ ಅನ್ನಬೇಕು, ಆಗ ಅವಳು ನಿಮಗೆ ಹೆಂಗೆ ಗೊತ್ತು ಅಂತಾಳೆ, ಆಮೇಲೆ ಏನನ್ನುವುದು, ಅವ್ವನ ಎದುರಿಗೆ ಏನನ್ನುವುದು — ಆಂಬುಲೆನ್ಸಿಗೆ ಫೋನು ಮಾಡಿದ್ದ, ಬೇರೆ ಕಡೆ ಹೋಗಿದೆ, ತಡವಾಗುತ್ತೆ ಅಂದರು, ಅಷ್ಟರಲ್ಲೇ ಅನಸೂಯ ಕೀ ಹಿಡಿದು ಬಾಗಿಲಲ್ಲಿ ನಿಂತಿದ್ದಳು, ಕಾರಿದೆಯಲ್ಲ, ಎತ್ಕೊಳ್ಳಿ ಅತ್ತೆನ. ಕಾರಿದೆಯಲ್ಲ.

ಹೌದು ಕಾರಿದೆ, ಸಿರಾದಲ್ಲಿ ಕೊಂಡ ಹಳೇ ಕಾರು, ಏಕ್‌ದಂ ಅಸಲಿ ಮಾಲು ಸಾಬ್ ಎಂದು ಬ್ರೋಕರು ಬಾನೆಟ್ ತಟ್ಟಿ ತೋರಿಸಿದ್ದ, ಸೋಲಾರಿನ ಗುತ್ತಿಗೆ ದುಡ್ಡು ಕೈಗೆ ಬಂದ ವರ್ಷ, ಉಳುವುದಿಲ್ಲ ಬಿತ್ತುವುದಿಲ್ಲ, ಕೂತು ಉಣ್ಣುವ ಯೋಗ ಕಣ್ಲಾ ನಿಂದು ಎಂದು ಊರು ಹೊಟ್ಟೆ ಉರಿದುಕೊಂಡಿತ್ತು, ಕೂತ, ಹೌದು, ಕೂತೇ ಇದ್ದಾನೆ ಅಂದಿನಿಂದ, ತನ್ನೂರು ಕ್ಯಾತಗಾನಚೆರ್ಲಿನ ಅಂಗಡಿ ಕಟ್ಟೆಯ ಮೇಲೆ, ಮತ್ತು ಅನಸೂಯ ಕಾರು ಕಲಿತಳು. ಅಂಗನವಾಡಿ ಸೂಪರ್‌ವೈಸರ್ ಅವಳು, ಊರೂರು ಸುತ್ತಬೇಕು, ಮಧುಗಿರಿಯಲ್ಲಿ ಮೀಟಿಂಗು, ಅವನಿಗಿಂತ ಚೆನ್ನಾಗಿ ಗೇರು ಹಾಕುತ್ತಾಳೆ, ಕಟ್ಟೆಯ ಮುಂದೆ ಹಾರ್ನು ಹೊಡೆದು ಹೋಗುತ್ತಾಳೆ, ಮೇಡಂ ಹೋದ್ರು ನೋಡಣ್ಣಾ, ಯಾರೋ ಹೊಸಬ ಕೇಳಿದರೆ ಇವರು ಮೇಡಂ ಗಂಡ. ಮೊದಲನೆಯ ಸಲ ಕಾರು ತಾನಾಗಿಯೇ ಕೆಟ್ಟಿತ್ತು, ಅದರಲ್ಲಿ ಅವನ ಕೈ ಇರಲಿಲ್ಲ, ಐ.ಡಿ.ಹಳ್ಳಿ ದಾರಿಯಲ್ಲಿ ಹೊಗೆಯೆದ್ದು ನಿಂತು, ಬಸ್ಸಿನಲ್ಲಿ ಮನೆಗೆ ಬಂದವಳು ಧೂಳು ಮುಖದಲ್ಲಿ ಅತ್ತಿದ್ದಳು, ಆಫೀಸಿನಲ್ಲಿ ಎಲ್ಲರ ಮುಂದೆ ಬೈಸಿಕೊಂಡೆ ಅಂತ, ಅತ್ತು ಅತ್ತು ಅವನ ಹೆಗಲಿಗೆ ಒರಗಿದ್ದಳು, ಮದುವೆಯಾದ ವರ್ಷದ ಮುಖ, ಆ ದಿನ ಅವಳೇ ಬಿಸಿ ಮುದ್ದೆ ಬಡಿಸಿ ಎದುರಿಗೇ ಕೂತಿದ್ದಳು. ಪಾವಗಡದ ಮೆಕ್ಯಾನಿಕ್ ಅಶ್ವತ್ಥ ಪೈಪಿನ ಕ್ಲಿಪ್ಪು ಸಡಿಲವಾಗಿದೆ ಎಂದು ಬಿಗಿದುಕೊಟ್ಟ. ಮತ್ತೆ ಹಾರ್ನು. ಮತ್ತೆ ಕಟ್ಟೆ. ರೇಡಿಯೇಟರಿನ ಬುಡದಲ್ಲೊಂದು ಪ್ಲಾಸ್ಟಿಕ್ ತಿರುಪು, ನೀರು ಖಾಲಿ ಮಾಡೋದಕ್ಕೆ ಸಾರ್ ಎಂದು ಅಶ್ವತ್ಥನೇ ತೋರಿಸಿದ್ದ, ಎರಡು ಬೆರಳು ಸಾಕು.

ಎಲ್ಲ ಸಲವೂ ಅಲ್ಲ, ದಿನಾ ಮಾಡಿದರೆ ಗೊತ್ತಾಗುತ್ತದೆ, ಅವಳು ಹೊಸ ಸೀರೆ ತೆಗೆದಿಟ್ಟ ದಿನ, ಫೋನಿನಲ್ಲಿ ನಗುತ್ತಾ ಮಾತಾಡಿದ ದಿನ, ಬೆಳಕು ಹರಿಯುವ ಮುಂಚೆ ಬೇಸಿನ್ ಹಿಡಿದು ಕಾರಿನ ಕೆಳಗೆ ಮಲಗಿದರೆ ಕೂಲೆಂಟ್ ಬೆರೆತ ಹಸಿರು ನೀರು ಸದ್ದಿಲ್ಲದೆ ಇಳಿಯುತ್ತದೆ. ಪಾಪ ಅಶ್ವತ್ಥ, ಮುಚ್ಚಳ ಬದಲಿಸಿದ, ಥರ್ಮೋಸ್ಟಾಟ್ ಬಿಚ್ಚಿ ಬಿಸಿನೀರಿನಲ್ಲಿ ಮುಳುಗಿಸಿ ನೋಡಿದ, ಗಾಳಿ ತುಂಬಿಸಿ ಒತ್ತಡ ಇಳಿಯುತ್ತದೆಯೇ ಎಂದು ಮಧ್ಯಾಹ್ನವೆಲ್ಲ ಕಾದ, ಆಯಿಲ್ ಕಡ್ಡಿ ತೆಗೆದು ಬೆಳಕಿಗೆ ಹಿಡಿದ, ನೀರು ಬೆರೆತಿದ್ರೆ ಬೆಳ್ಳಗಾಗಿರಬೇಕು ಮೇಡಂ, ಕರ್ರಗಿದೆ, ಇಂಜಿನ್ ಹೆಡ್ಡು ಚೆನ್ನಾಗಿದೆ, ಫ್ಯಾನು ತಿರುಗ್ತಾ ಐತೆ, ಎಲ್ಲೂ ಸೋರಲ್ಲ, ಆದ್ರೂ ನೀರು ಹೋಗ್ತಾ ಐತೆ, ಇಂಥ ಗಾಡಿ ನಾನು ನೋಡೇ ಇಲ್ಲ. ಜಯರಾಮು ಪಕ್ಕದಲ್ಲಿ ನಿಂತು ತಲೆದೂಗಿದ್ದ, ಹಳೇ ಗಾಡಿ ಅಲ್ವೇನಪ್ಪ, ಮಾರಿಬಿಡೋದೇ ವಾಸಿ. ಅನಸೂಯ ಮಾರಲಿಲ್ಲ. ರಾತ್ರಿ ಕಾರಿನಡಿ ರಟ್ಟು ಹಾಸಿಟ್ಟು ಬೆಳಿಗ್ಗೆ ಬಗ್ಗಿ ನೋಡಿದಳು, ರಟ್ಟು ಒಣಗಿತ್ತು, ಅವಳು ರಟ್ಟನ್ನು ತಿರುವಿ ತಿರುವಿ ನೋಡುವುದನ್ನು ಅವನು ಹಲ್ಲುಜ್ಜುತ್ತಾ ನೋಡಿದ, ನಗು ಬಂತು, ಉಗುಳಿದ. ಹಸಿರು ನೀರನ್ನು ಬೇವಿನ ಬುಡಕ್ಕೆ ಸುರಿಯುತ್ತಿದ್ದ, ಸಿಹಿ ವಾಸನೆ ಅದಕ್ಕೆ, ಅವ್ವನ ಬಿಳಿ ಆಡಿನ ಮರಿ ನೆಕ್ಕಿತು, ಸಂಜೆಗೆ ಕುಡಿದವರ ಹಾಗೆ ತೂರಾಡಿತು, ಮಾರನೆಯ ದಿನ ಕಾಲು ಬಡಿದು ಬಡಿದು ಅವ್ವನ ಮಡಿಲಲ್ಲೇ ಸತ್ತಿತು, ಏನು ಕಡೀತೋ ಮಗಾ ಇದಕ್ಕೆ, ಹಾವು ಕಣವ್ವ, ಹಾವೇ ಇರ್ಬೇಕು. ಆಮೇಲೆ ಚರಂಡಿಗೆ ಸುರಿದ.

ಮುಳ್ಳು ಏರಿತು. ಈ ಸಲ ಕುಲುಕಾಟವಲ್ಲ, ನಿಜವಾಗಿ ಏರಿತು, ಒಂದು ಗೆರೆ, ಇನ್ನೊಂದು, ಅನಸೂಯ ಗಮನಿಸಿದಳು, ಅಯ್ಯೋ ಇವತ್ತೇನಾ ಎಂದಳು, ಎ.ಸಿ. ಆರಿಸಿದಳು, ಒಳಗೆ ಕಾವು ತುಂಬಿತು, ಅವ್ವ ಬಾಯಿ ತೆರೆದು ಉಸಿರು ಹುಡುಕಿದಳು, ಹೇಳಿಬಿಡು, ಈಗ ಹೇಳಿಬಿಡು, ಆ ತಿರುವು ದಾಟಲಿ, ಆ ಕಂಬ ದಾಟಲಿ — ಮುಳ್ಳು ತಟ್ಟನೆ ಕೆಳಗೆ ಬಿತ್ತು. ಇಳೀತು ಸದ್ಯ, ಅನಸೂಯ ಉಸಿರುಬಿಟ್ಟು ವೇಗ ಹೆಚ್ಚಿಸಿದಳು. ಅವನ ಎದೆಯೂ ಹಗುರಾಯಿತು, ಒಂದು ಗಳಿಗೆ, ಆಮೇಲೆ ಅಶ್ವತ್ಥನ ಮಾತು, ಅವಳು ಅಂದು ನೆರಳಿಗೆ ಹೋಗಿ ಫೋನಿನಲ್ಲಿದ್ದಾಗ ಇವನಿಗೊಬ್ಬನಿಗೇ ಹೇಳಿದ ಮಾತು, ಏರಿದ ಮುಳ್ಳು ಒಮ್ಮೆಗೇ ಬಿದ್ರೆ ಸಂತೋಷ ಪಡ್ಬೇಡಿ ಸಾರ್, ಅಳತೆ ಮಾಡೋಕೆ ಒಳಗೆ ನೀರೇ ಇಲ್ಲ ಅಂತ ಅರ್ಥ, ತಕ್ಷಣ ಆಫ್ ಮಾಡ್ಬುಡಿ. ನಿಲ್ಸು, ಅಂದ. ಏನು? ಏನಿಲ್ಲ, ಅಂದ. ನಿಲ್ಸಲಾ ಬೇಡ್ವಾ? ಬೇಡ, ಹೋಗು, ಅವ್ವಂಗೆ ತಡ ಆಯ್ತದೆ. ಕಟಕಟ ಸದ್ದು ಶುರುವಾಯಿತು, ಸುಟ್ಟ ಕಬ್ಬಿಣದ ವಾಸನೆ, ಇಂಜಿನ್ನು ಒಂದು ಸಲ ಕಿರ್ರೆಂದು ಹಿಡಿದುಕೊಂಡು ನಿಂತುಹೋಯಿತು, ಕಾರು ತಾನಾಗಿ ಉರುಳಿ ರಸ್ತೆಯ ಅಂಚಿಗೆ ಬಂತು, ಎರಡೂ ಕಡೆ ಹಲಗೆಗಳು, ಮರವಿಲ್ಲ, ನೆರಳಿಲ್ಲ.

ಮಗಾ, ಯಾಕ್ಲಾ ನಿಂತೋಯ್ತು. ಹಳೇ ಗಾಡಿ ಕಣವ್ವ, ಇಂಗೇ ಇದು. ಅವ್ವ ಅವನ ಕೈ ಹಿಡಿದುಕೊಂಡಳು, ನೀನೇನ್ ಮಾಡ್ತೀಯ ಬುಡು ಅಂದಳು, ಅಷ್ಟೇ ಅಂದಳು. ಅನಸೂಯ ಡಿಕ್ಕಿಯಿಂದ ನೀರಿನ ಕ್ಯಾನು ತಂದು ಬಾನೆಟ್ ಎತ್ತಿದಳು, ಬಟ್ಟೆ ಸುತ್ತಿ ಮುಚ್ಚಳ ತಿರುಗಿಸಿದಳು, ಹಬೆ ಚಿಮ್ಮಲಿಲ್ಲ, ಉಸ್ ಅನ್ನಲಿಲ್ಲ, ಒಣಗಿದ ಬಾವಿಯ ಹಾಗಿತ್ತು, ನಿನ್ನೆ ಸಾಯಂಕಾಲ ನಾನೇ ಕಂಠದ ಮಟ ತುಂಬ್ಸಿದ್ದೆ ಕಣ್ರೀ, ಎನ್ನುತ್ತಾ ಸುರಿದಳು, ಸುರಿದ ನೀರು ಕಾರಿನ ಹೊಟ್ಟೆಯಡಿ ನೆಟ್ಟಗೆ ರಸ್ತೆಗೆ ಬಿತ್ತು. ಅವಳು ಬಗ್ಗಿದಳು. ಅವ್ವನ ತಲೆಯನ್ನು ಸೀಟಿಗೆ ಒರಗಿಸಿ ಇಳಿದು ಬಂದ ಅವನೂ ಬಗ್ಗಿದ. ತಿರುಪು ಪೂರ್ತಿ ತೆರೆದಿತ್ತು — ಬೆಳಿಗ್ಗೆ ಕೆಳಗೆ ಮಲಗಿದ್ದಾಗಲೇ ಒಳಗಿಂದ ಅವ್ವ ಜಯರಾಮೂ ಎಂದು ಚೀರಿದ್ದು, ಬೇಸಿನ್ ಎಳೆದು ಎಸೆದು ಓಡಿದ್ದು, ತಿರುಪು ಮುಚ್ಚಿದೆನೋ ಇಲ್ಲವೋ ಎಂದು ಒಮ್ಮೆಯೂ ನೆನೆಯದೇ ಇದ್ದದ್ದು. ಅನಸೂಯ ತಿರುಪನ್ನು ನೋಡಿದಳು, ಆಮೇಲೆ ಅವನ ಅಂಗಿಯ ಬೆನ್ನನ್ನು, ಅಲ್ಲಿ ಬೆಳಗಿನ ಮಣ್ಣು ಇನ್ನೂ ಅಂಟಿತ್ತು. ಎದ್ದು ನಿಂತು, ಅವನ ಮುಖದಿಂದ ಕಣ್ಣು ತೆಗೆಯದೆ ಕ್ಯಾನಿನಲ್ಲಿ ಉಳಿದ ನೀರನ್ನೂ ಅದೇ ಬಾಯಿಗೆ ನಿಧಾನವಾಗಿ ಸುರಿದಳು, ಅದೂ ಕೆಳಗಿಳಿಯಿತು, ಆಡಿನ ಮರಿನೂ ನೀವೇನಾ, ಕೇಳಿದಳು. ಸೋಲಾರ್ ಕೆಲಸದ ಪಿಕಪ್ ಬಂತು, ಏಮೈಂದಕ್ಕಾ, ಏನಾಯ್ತು ಎಂದು ಡ್ರೈವರ್ ಇಳಿದ, ಅವನೂ ಅನಸೂಯಳೂ ಸೇರಿ ಅವ್ವನನ್ನು ಎತ್ತಿದರು, ಜಯರಾಮು ಕಾಲು ಹಿಡಿಯಲು ಹೋದ, ಅನಸೂಯ ಅವನ ಕೈ ತಳ್ಳಿದಳು, ಇವ್ರು ಬರಲ್ಲ ಅಣ್ಣ, ಕಾರು ಕಾಯ್ತಾರೆ. ಪಿಕಪ್ ಪಾವಗಡದ ಕಡೆ ಹೊರಟಿತು, ತಿರುವಿನವರೆಗೂ ಹೋಯಿತು, ಅಲ್ಲಿ ನಿಂತಿತು. ಯಾಕೆ ನಿಂತಿತು, ಹೋಗಲಿ, ಹೋಗು ಹೋಗು — ಅದು ತಿರುಗಿತು, ಅವನ ಕಡೆಗೇ ಬಂತು, ಅವಸರವಿಲ್ಲದೆ ಬಂತು, ಅವ್ವನ ತಲೆ ಅನಸೂಯಳ ಮಡಿಲಲ್ಲಿ, ಮುಖದ ಮೇಲೆ ಸೆರಗು ಎಳೆದಿತ್ತು, ಅನಸೂಯ ಅವನನ್ನು ನೋಡಲಿಲ್ಲ, ಗಾಡಿ ಅವನನ್ನು ದಾಟಿ ಊರಿನ ಕಡೆ ಹೋಯಿತು, ಆಸ್ಪತ್ರೆಯ ಕಡೆಯಲ್ಲ, ಊರಿನ ಕಡೆ, ಅವನು ಕಾರಿನ ಮೂತಿಯ ಮುಂದೆ ಕೂತು ಬಗ್ಗಿದ, ಕಣ್ಣ ಮುಂದೆ ಆ ತಿರುಪು, ಅದರ ಬಾಯಲ್ಲಿ ಒಂದು ಹನಿ, ಉಬ್ಬಿತು, ತೂಗಿತು, ಬಿತ್ತು, ಟಾರಿನ ಮೇಲಿನ ಒದ್ದೆಯಲ್ಲಿ ಇಲ್ಲವಾಯಿತು, ಇನ್ನೊಂದು ಹನಿ, ಉಬ್ಬಿತು, ತೂಗುತ್ತಿದೆ, ಎರಡು ಬೆರಳು ಸಾಕು, ಕೈ ಏಳುತ್ತಿಲ್ಲ, ಹನಿ ತೂಗುತ್ತಿದೆ