ಬೆವರದ ಮಗುವಿನ ಕೋಣೆ

ಇಂಚರಳಿಗೆ ಬೆವರು ಬರುವುದಿಲ್ಲ. ಹುಟ್ಟಿದಾಗಿನಿಂದಲೂ ಹಾಗೆಯೇ. ಬೇರೆ ಮಕ್ಕಳು ಬಿಸಿಲಲ್ಲಿ ಕುಣಿದು, ಬೆವರಿ ತಣ್ಣಗಾದರೆ ಈ ಆರು ವರ್ಷದ ಹುಡುಗಿಯ ಮೈ ಸುಮ್ಮನೆ ಕಾಯುತ್ತಲೇ ಹೋಗುತ್ತದೆ. ಅದಕ್ಕೇ ಪುಟ್ಟೇನಹಳ್ಳಿಯ ಆ ಬಾಡಿಗೆ ಮನೆಯ ಹಿಂದಿನ ಕೋಣೆಗೆ ಏಸಿ ಹಾಕಿಸಿದ್ದು. ಏಪ್ರಿಲ್ ಬಂತೆಂದರೆ ಅವಳ ಊಟ, ಆಟ, ಪಾಠ ಎಲ್ಲವೂ ಅಲ್ಲೇ.

ಅಂಥ ಏಸಿ ಮಟಮಟ ಮಧ್ಯಾಹ್ನವೇ ಕೈಕೊಟ್ಟಿತು. ಓಡುವ ಸದ್ದಿದೆ, ಗಾಳಿಯಿಲ್ಲ. ತಾಯಿ ಜ್ಯೋತ್ಸ್ನಾ ರಿಮೋಟ್ ಒತ್ತಿ ಒತ್ತಿ ಹದಿನಾರಕ್ಕೆ ಇಳಿಸಿದಳು. ಅದು ಇನ್ನೂ ಉಸಿರು ಕಟ್ಟಿತು. ಮಗಳ ಮೈ ನೂರಾಎರಡು ದಾಟಿತ್ತು. ಗಂಡ ಕೈಲಾಸ್ ಹುಬ್ಬಳ್ಳಿಯಲ್ಲಿದ್ದ. ಡಾಕ್ಟರು ಫೋನಿನಲ್ಲಿ ತಣ್ಣೀರಲ್ಲಿ ಮೈ ಒರೆಸುತ್ತಿರಿ, ಇಳಿಯದಿದ್ದರೆ ಕರೆತನ್ನಿ ಎಂದರು. ಫ್ರಿಜ್ಜಿನ ನೀರು ಆಗಲೇ ಮುಗಿದಿತ್ತು. ನಲ್ಲಿ ತಿರುಗಿಸಿದರೆ ಟ್ಯಾಂಕಿನ ನೀರು ಸ್ನಾನಕ್ಕೆ ಕಾಯಿಸಿದಷ್ಟು ಬಿಸಿ. ಆ ಬಿಸಿಲಲ್ಲಿ ಮಗುವನ್ನು ಆಟೊ ಹತ್ತಿಸುವುದೆಂದರೆ ಬಾಣಲೆಗೆ ಹಾಕಿದಂತೆ.

ತಿಲಕ್ ನಗರದ ಮೆಕ್ಯಾನಿಕ್ ಶಿವರಾಮ್ ಸಂಜೆಗೆ ಮುಂಚೆ ಬರಲಾರೆ ಎಂದ. ಆದರೂ ಪುಣ್ಯಾತ್ಮ ಫೋನ್ ಇಡಲಿಲ್ಲ. ಅವನು ಹೇಳಿದಂತೆ ಜ್ಯೋತ್ಸ್ನಾ ಸ್ಟೂಲು ಹತ್ತಿ ಮುಚ್ಚಳ ಎತ್ತಿ ಫಿಲ್ಟರ್ ಎಳೆದಳು. ಕಪ್ಪು ಜಿಡ್ಡು, ಅದರ ಮೇಲೆ ಬಿಳಿ ಬೂದಿ, ಒಂದು ತೂತೂ ಕಾಣದು. ಹಿಂದಿನ ಪೈಪುಗಳಿಗೆಲ್ಲ ಐಸ್ ಮೆತ್ತಿಕೊಂಡಿತ್ತು. ಚಾಕುವಿನಿಂದ ಕೆರೆದು ತೆಗೆಯಲೇ ಎಂದು ಕೇಳಿದಳು.

"ಚುಚ್ಚಬೇಡಿ ಮೇಡಂ. ಫಿಲ್ಟರ್ ಕಟ್ಕೊಂಡು ಗಾಳಿ ಆಡದೇ ಐಸ್ ಆಗಿರೋದು. ಪೈಪ್ ತೂತಾದ್ರೆ ಗ್ಯಾಸೆಲ್ಲ ಹೋಗುತ್ತೆ. ಕೂಲಿಂಗ್ ಆಫ್ ಮಾಡಿ, ಬರೀ ಫ್ಯಾನ್ ಬಿಡಿ, ತಾನೇ ಕರಗುತ್ತೆ. ರೂಮಲ್ಲಿ ಹೊಗೆ ಏನಾದ್ರೂ ಹಾಕ್ತೀರಾ?"

ಹಾಕುತ್ತಿದ್ದರು. ಹಾಕುತ್ತಿದ್ದವರು ಅತ್ತೆ ಸಿದ್ದಗಂಗಮ್ಮ. ಮೊಮ್ಮಗಳು ಕೋಣೆ ಬಿಟ್ಟು ಬರಲಾರಳೆಂದು ತಮ್ಮ ಲಿಂಗಪೂಜೆಯನ್ನೇ ಅಲ್ಲಿಗೆ ತಂದಿದ್ದರು. ಎರಡು ಹೊತ್ತೂ ಸಾಂಬ್ರಾಣಿ ಧೂಪ; ಮಗುವಿನ ಹಣೆಗೆ ವಿಭೂತಿ ಹಚ್ಚಿ, ಕಾಯಿಲೆ ಹತ್ತಿರ ಸುಳಿಯದಿರಲೆಂದು ಉಳಿದದ್ದನ್ನು ಕೋಣೆಯ ತುಂಬ ಊದುವುದು. ಮುಚ್ಚಿದ ಕೋಣೆಯಲ್ಲಿ ಅದೆಲ್ಲ ಹೋಗಬೇಕಾದರೂ ಎಲ್ಲಿಗೆ?

ಜ್ಯೋತ್ಸ್ನಾ ಫಿಲ್ಟರನ್ನು ಮಗುವಿನ ಪಕ್ಕ ಕೂತಿದ್ದ ಅತ್ತೆಯ ಮುಖಕ್ಕೆ ಹಿಡಿದಳು. ಹೆದರಿಕೆಯಲ್ಲಿ ಅವಳಿಗೆ ಹಿಂದುಮುಂದು ತೋಚಲಿಲ್ಲ.

"ನಿಮ್ಮ ಪೂಜೆನೇ ನನ್ನ ಮಗೂನ ತಿಂತಾ ಇದೆ, ಅತ್ತೆ."

ಸಿದ್ದಗಂಗಮ್ಮ ಫಿಲ್ಟರ್ ಇಸಿದುಕೊಂಡು ಹೋಗಿ, ಬಚ್ಚಲಲ್ಲಿ ಕೂತು ಸೋಪು ಹಾಕಿ ಉಜ್ಜತೊಡಗಿದರು.

ಇತ್ತ ಬರೀ ಫ್ಯಾನಿಗೆ ಬಿಟ್ಟ ಏಸಿಯಿಂದ ಐಸ್ ಕರಗಿ ತೊಟ್ಟಿಕ್ಕತೊಡಗಿತು. ಮನೆಯಲ್ಲಿದ್ದ ತಣ್ಣೀರೆಂದರೆ ಈಗ ಅದೊಂದೇ. ಜ್ಯೋತ್ಸ್ನಾ ಕೆಳಗೆ ಪಾತ್ರೆಯಿಟ್ಟು, ಅದರಲ್ಲೇ ಬಟ್ಟೆ ಅದ್ದಿ ಮಗಳ ಕತ್ತು, ಕಂಕುಳು, ಅಂಗಾಲು ಒರೆಸಿದಳು. ಕರೆದರೆ ಮಗು ಓಗೊಡುತ್ತಿರಲಿಲ್ಲ. ಥರ್ಮಾಮೀಟರ್ ನೂರಾಮೂರು ತೋರಿಸಿತು. ಅವಳು ಒರೆಸುವುದನ್ನು ಬಿಡಲಿಲ್ಲ.

ಐಸ್ ಪೂರ್ತಿ ಕರಗಿದ ಮೇಲೆ ತೊಳೆದ ಫಿಲ್ಟರ್ ಸಿಕ್ಕಿಸಿ ಕೂಲಿಂಗ್ ಹಾಕಿದಳು. ಗಾಳಿ ಬಂತು, ಆಮೇಲೆ ತಣ್ಣಗಾಯಿತು. ನೂರಾಎರಡು, ನೂರಾಒಂದು. ಇಂಚರ ಕಣ್ಣು ಬಿಟ್ಟು ನೀರು ಕೇಳಿದಳು.

ಸಿದ್ದಗಂಗಮ್ಮ ಒದ್ದೆ ಕೈಯಲ್ಲೇ ಹೊಸ್ತಿಲಾಚೆ ನಿಂತು ಇಣುಕುತ್ತಿದ್ದರು. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ಜ್ಯೋತ್ಸ್ನಾಳಿಗೆ ಅನಿಸಿತು. ಬಾಯಿಗೆ ಬಂದದ್ದು ಬೇರೆ.

"ಬಾಗಿಲು ತೆಗೆದಿದ್ರೆ ತಂಪೆಲ್ಲ ಹೋಗುತ್ತೆ. ಒಳಗೆ ಬನ್ನಿ, ಅತ್ತೆ."

ಸಿದ್ದಗಂಗಮ್ಮ ಹೌದೆಂಬಂತೆ ತಲೆಯಾಡಿಸಿ, ಬಾಗಿಲನ್ನು ಹೊರಗಿನಿಂದಲೇ ಎಳೆದುಕೊಂಡರು.