ಹತ್ತೊಂಬತ್ತು ಜೋಡಿ ಕಾಲು

“ಇದು ಯಾರ ಕಾಲು?”

ಬೂಟಿನ ಅಂಗಡಿಯ ಯಜಮಾನರು ಸಂಗ್ರಹಾಲಯದ ಮೇಜಿನ ಮೇಲಿಂದ ಒಂದು ಮರದ ಅಚ್ಚನ್ನು ಎತ್ತಿಕೊಂಡು, ಅದರ ಕಿರುಬೆರಳಿನ ಪಕ್ಕವನ್ನು ಹೆಬ್ಬೆರಳಿನಿಂದ ಸವರುತ್ತಾ ಕೇಳಿದರು. ಬಟ್ಟೆಯ ಕೈಗವಸು ಹಾಕಿಕೊಳ್ಳಿ ಎಂದು, ಅವರನ್ನು ಸಂದರ್ಶಿಸಲು ಕುಳಿತ ವಿದ್ಯಾರ್ಥಿನಿ ಆಗಲೇ ಎರಡು ಸಲ ಹೇಳಿದ್ದಳು. ಮೊದಲ ಸಲ ಅವರು ಕೇಳಿಸದವರ ಹಾಗೆ ಇದ್ದರು. ಎರಡನೆಯ ಸಲ, “ಐವತ್ತು ವರ್ಷ ಬರಿಗೈಲಿ ಮುಟ್ಟಿದೀನಿ. ಈಗ ನನ್ನ ಕೈಗೆ ಏನು ರೋಗ ಬಂತು?” ಎಂದು ಗವಸುಗಳನ್ನು ಎತ್ತಿ ಪಕ್ಕಕ್ಕೆ ಎಸೆದಿದ್ದರು. ಅವು ಜೊತೆಗೆ ಬಂದಿದ್ದ ಮಗಳ ಮಡಿಲಲ್ಲಿ ಬಿದ್ದವು. ಮಗಳು ಆಸ್ಪತ್ರೆಯಲ್ಲಿ ನರ್ಸು. ಹಟ ಮಾಡುವ ಮುದುಕರನ್ನು ದಿನವೂ ನೋಡುವವಳು, ಗವಸುಗಳನ್ನು ಮಡಿಸಿ ಇಟ್ಟುಕೊಂಡಳು.

“ಅದು ಸಂಖ್ಯೆ ಹನ್ನೊಂದು, ತಾತ,” ಎಂದಳು ವಿದ್ಯಾರ್ಥಿನಿ.

“ಸಂಖ್ಯೆ ಕೇಳಲಿಲ್ಲಮ್ಮ. ಕಾಲು ಯಾರದು ಅಂದೆ. ಆಮೇಲೆ ಈ ತಾತ ಗೀತ ಅನ್ನೋದೆಲ್ಲ ಬೇಡ. ನನಗೆ ಮೊಮ್ಮಕ್ಕಳಿಲ್ಲ.”

ರೆಕಾರ್ಡರಿನ ಕೆಂಪು ದೀಪ ಉರಿಯುತ್ತಿತ್ತು. ಈ ಮಾತೂ ಅದರೊಳಗೆ ಹೋಗಿರುತ್ತದೆ. ಮೂಲೆಯ ಕುರ್ಚಿಯಲ್ಲಿ ಉಗ್ರಾಣದ ಮೇಲ್ವಿಚಾರಕರು ಕೀಲಿಗೊಂಚಲು ತಿರುಗಿಸುತ್ತಾ ಕುಳಿತಿದ್ದರು. ಅವರಿಗೆ ಇದು ಪುಕ್ಕಟೆ ನಾಟಕ.

ವಸ್ತುಸಂಗ್ರಹಾಲಯದ ಕೆಲಸವನ್ನೇ ಓದಬೇಕೆಂದು ಅವಳು ಮೂವತ್ತೊಂದನೆಯ ವಯಸ್ಸಿನಲ್ಲಿ ಬ್ಯಾಂಕಿನ ಕೆಲಸ ಬಿಟ್ಟು ಎಂ.ಎ.ಗೆ ಸೇರಿದ್ದಳು. “ಹಳೇ ಸಾಮಾನು ಒರೆಸೋಕೆ ಎಂ.ಎ. ಬೇರೆ ಮಾಡ್ಬೇಕೇನೇ?” ಎಂದು ಅಕ್ಕ ಎರಡು ವರ್ಷದಿಂದ ಎಲ್ಲರೆದುರೂ ನಗುತ್ತಿದ್ದಾಳೆ. ಕೊನೆಯ ಮೂರು ತಿಂಗಳು ಯಾವುದಾದರೂ ಸಂಗ್ರಹಾಲಯದಲ್ಲಿ ಕೆಲಸ ಮಾಡಿ, ಒಂದು ಸಂಗ್ರಹವನ್ನು ಶುರುವಿನಿಂದ ಕೊನೆಯವರೆಗೆ ತಾನೇ ದಾಖಲಿಸಬೇಕು. ಅದರಲ್ಲಿ ಪಾಸಾದರೆ ಪದವಿ. ಇಲ್ಲದಿದ್ದರೆ ಎರಡು ವರ್ಷ ನೀರುಪಾಲು, ಅಕ್ಕನ ಮಾತು ನಿಜ. ಇಲ್ಲಿ ಕಾಲಿಟ್ಟ ದಿನವೇ ಮೇಲ್ವಿಚಾರಕರು ಅವಳಿಗೆ ‘ಸ್ನಾತಕೋತ್ತರ’ ಎಂದು ಹೆಸರಿಟ್ಟಿದ್ದರು. “ಸ್ನಾತಕೋತ್ತರ ಮೇಡಂ ಬಂದ್ರು, ದಾರಿ ಬಿಡ್ರಪ್ಪ,” ಎನ್ನುತ್ತಿದ್ದರು, ದಾರಿಯಲ್ಲಿ ಯಾರೂ ಇಲ್ಲದಾಗಲೂ. ವರ್ಷಕ್ಕೊಬ್ಬರು ಹೀಗೆ ಬಂದು, ಫೋಟೋ ಹೊಡೆದು, ಪ್ರಬಂಧ ಬರೆದು, ಪೆಟ್ಟಿಗೆಗಳನ್ನು ಅಸ್ತವ್ಯಸ್ತ ಮಾಡಿ ಹೋಗುವುದನ್ನು ಅವರು ಇಪ್ಪತ್ತೆಂಟು ವರ್ಷದಿಂದ ನೋಡಿದ್ದರು. ಅವಳಿಗೂ ಅವರನ್ನು ಕಂಡರೆ ಆಗುತ್ತಿರಲಿಲ್ಲ.

ಅವಳ ಪಾಲಿಗೆ ಬಂದದ್ದು ಈ ಅಂಗಡಿ. ಕೈ ನಡುಗಲು ಶುರುವಾಗಿ ಯಜಮಾನರು ಬಾಗಿಲು ಮುಚ್ಚಿದ ಮೇಲೆ ಮಗಳು ಅವರ ಕಾಲಿಗೆ ಬಿದ್ದಷ್ಟು ಬೇಡಿಕೊಂಡು, ಉಳಿ, ಸುತ್ತಿಗೆ, ಹೊಲಿಗೆಯ ಹಲಗೆ ಸಮೇತ ಎಲ್ಲವನ್ನೂ ಸಂಗ್ರಹಾಲಯಕ್ಕೆ ಕೊಡಿಸಿದ್ದಳು. ಅದರಲ್ಲಿ ಮುಖ್ಯವಾದವು ಅಚ್ಚುಗಳು. ಕಾಲಿನ ಆಕಾರಕ್ಕೆ ಕೆತ್ತಿದ ಮರದ ತುಂಡುಗಳು. ಇವುಗಳ ಮೇಲೆ ಚರ್ಮ ಎಳೆದು ಮೊಳೆ ಹೊಡೆದರೆ ಬೂಟಿಗೆ ರೂಪ ಬರುತ್ತದೆ. ಒಟ್ಟು ಮೂವತ್ತೆಂಟು, ಹತ್ತೊಂಬತ್ತು ಜೋಡಿ. ಬಂದಾಗ ಅವು ನೋಡಲು ಅಸಹ್ಯವಾಗಿದ್ದವು. ಒಂದೊಂದರ ಮೇಲೂ ಅಲ್ಲಲ್ಲಿ ಚರ್ಮದ ಚೂರುಗಳು, ಒಂದರ ಮೇಲೊಂದು, ಕಪ್ಪಾದ ಅಂಟಿನಲ್ಲಿ ಮೆತ್ತಿಕೊಂಡಿದ್ದವು. ಆಮೇಲಿನ ತೇಪೆಗಳು ವಸ್ತುವಿನ ಮೂಲ ರೂಪವನ್ನು ಮರೆಮಾಚುತ್ತವೆ ಎಂದು ಅವಳು ತರಗತಿಯಲ್ಲಿ ಓದಿದ್ದಳು. ಪ್ರೊಫೆಸರ್ ಮೇಡಂ ಕೂಡ ಮೊಬೈಲಿಗೆ ಬರೆದಿದ್ದರು: ‘ಸ್ವಚ್ಛ ಮಾಡಮ್ಮ. ಮೂಲ ರೂಪ ಕಾಣಲಿ. ಶುಕ್ರವಾರಕ್ಕೆ ಫೋಟೋ ಬೇಕು.’

ಮೂರು ದಿನ ಅವಳು ಕತ್ತೆತ್ತಲಿಲ್ಲ. ಒದ್ದೆ ಹತ್ತಿ ಇಟ್ಟು ಅಂಟು ನೆನೆಸಿ, ಮರದ ಚಪ್ಪಟೆ ಕಡ್ಡಿಯಿಂದ ಚೂರುಗಳನ್ನು ಒಂದೊಂದಾಗಿ ಎಬ್ಬಿಸಿ, ಅಂಟಿನ ಕಲೆಯನ್ನೂ ಬಿಡದೆ ಒರೆಸಿದಳು. ಜೋಡಿಗೆ ಕಟ್ಟಿದ್ದ ದಾರಗಳನ್ನು ಬಿಚ್ಚಿ, ಫೋಟೋ ಚೆನ್ನಾಗಿ ಬರಲೆಂದು ಎಡಗಾಲುಗಳನ್ನೆಲ್ಲ ಒಂದು ಸಾಲಿನಲ್ಲಿ, ಬಲಗಾಲುಗಳನ್ನೆಲ್ಲ ಇನ್ನೊಂದು ಸಾಲಿನಲ್ಲಿ ಅಳತೆಯ ಪ್ರಕಾರ ಜೋಡಿಸಿದಳು. ನುಣುಪಾದ ಮರ ಫಳಫಳ ಹೊಳೆಯಿತು. ಮೂರನೆಯ ದಿನ ಸಂಜೆ ಮೇಲ್ವಿಚಾರಕರ ಕಡೆ ತಿರುಗಿ, “ಹೇಗಿದೆ ಅಣ್ಣ?” ಎಂದು ಕೇಳಿದ್ದಳು ಕೂಡ. “ಫಸ್ಟ್ ಕ್ಲಾಸ್,” ಎಂದಿದ್ದರು ಅವರು.

ಈಗ ಯಜಮಾನರು ಹನ್ನೊಂದನ್ನು ಇಟ್ಟು ಹನ್ನೆರಡನ್ನು ಎತ್ತಿದರು. ಅದನ್ನಿಟ್ಟು ಇನ್ನೊಂದು. ಸಾಲಿನ ಉದ್ದಕ್ಕೂ ನಡೆದರು, ಎತ್ತಿ ಎತ್ತಿ ಇಡುತ್ತಾ.

“ಪೋಸ್ಟ್‌ಮಾಸ್ಟರಿಗೆ ಇಲ್ಲಿ ಗಂಟಿತ್ತು,” ಎಂದರು. “ಒಂದು ಗೋಲಿ ಗಾತ್ರ. ಬೂಟು ಅದನ್ನ ಒತ್ತಬಾರದು ಅಂತ ಇಲ್ಲಿ ಎರಡು ಚೂರು ಅಂಟಿಸಿದ್ದೆ. ಅವರ ಗಂಟು ಬೆಳೀತು, ಇನ್ನೊಂದು ಅಂಟಿಸಿದೆ. ಎಲ್ಲಿ ಅದು?”

ಅವಳಿಗೆ ಆಗ ಹೊಳೆಯಿತು. ತೇಪೆಯಲ್ಲ. ಒಂದೊಂದು ಚೂರೂ ಒಬ್ಬೊಬ್ಬರ ಕಾಲಿನ ಗಂಟು, ಬಾವು, ವಯಸ್ಸಿಗೆ ತಿರುಚಿಕೊಂಡ ಬೆರಳು. ಅವಳು ಹತ್ತೊಂಬತ್ತು ಜನರ ಕಾಲುಗಳನ್ನು ಕೆರೆದು, ಅಂಗಡಿಯಲ್ಲಿ ಸಿಗುವಂಥ ಬರೀ ಮರ ಮಾಡಿಟ್ಟಿದ್ದಳು.

“ಇದರ ಮೇಲೆ ಹೆಸರು ಬರೆದಿರಲಿಲ್ಲವಲ್ಲ...” ಎಂದು ತೊದಲಿದಳು.

“ಹೆಸರು ಯಾಕೆ ಬರೀಬೇಕು? ಮುಟ್ಟಿದ್ರೆ ಗೊತ್ತಾಗ್ತಿತ್ತು. ನೀನು ನಿಮ್ಮಮ್ಮನ ಮುಖದ ಮೇಲೆ ಹೆಸರು ಬರ್ದಿದೀಯಾ?”

ಅಷ್ಟರಲ್ಲಿ ಬಾಗಿಲು ತೆರೆದು ಪ್ರೊಫೆಸರ್ ಮೇಡಂ ಬಂದರು. ಸಂದರ್ಶನ ಹೇಗೆ ನಡೆಯುತ್ತಿದೆ ಎಂದು ನೋಡಿ ಅಂಕ ಹಾಕಲು ಬಂದವರು. ಕೈಯಲ್ಲಿ ಕಡತ, ಮುಖದಲ್ಲಿ ಅತಿಥಿಗಳಿಗೆಂದು ಇಟ್ಟುಕೊಂಡ ನಗು.

“ಏನು ಯಜಮಾನ್ರೇ, ನಿಮ್ಮ ಅಂಗಡಿ ನೋಡಿ ಖುಷಿ ಆಯ್ತಾ?”

“ಯಾರೋ ಬೋಳಿಸಿದಾರೆ,” ಎಂದರು ಯಜಮಾನರು. “ಅದರ ಮೇಲೆ ಚರ್ಮ ಇತ್ತು. ಏನು ಮಾಡಿದ್ರಿ?”

ಮೇಡಂ ಮೇಜನ್ನು ನೋಡಿದರು, ಅವಳ ಮುಖವನ್ನು ನೋಡಿದರು. ಬುದ್ಧಿವಂತೆ, ಒಂದೇ ಗಳಿಗೆಯಲ್ಲಿ ಎಲ್ಲವೂ ಅರ್ಥವಾಯಿತು. “ಇಲ್ಲ ಯಜಮಾನ್ರೇ, ನಮ್ಮ ಹತ್ರ ಹೀಗೇ ಬಂದಿದ್ದು. ಸಾಗಿಸುವಾಗ ಉದುರಿರಬಹುದು. ಅಥವಾ ಎಷ್ಟೋ ವರ್ಷದ ಹಿಂದಿನದು ನಿಮಗೆ ಈಗ ನೆನಪಾಗ್ತಿರಬಹುದು. ಅಲ್ವೇನಮ್ಮ, ಹೀಗೇ ತಾನೇ ಬಂದಿದ್ದು?”

ಕೊನೆಯ ಮಾತು ಅವಳಿಗೆ. ಮೇಡಂ ಕಣ್ಣು ಕಡತದ ಮೇಲೆ ಇಳಿದು ಮತ್ತೆ ಮೇಲೆದ್ದಿತು. ‘ಬಂದಾಗ ಇದ್ದ ಸ್ಥಿತಿ’ ಎಂಬ ಕಾಲಂ ಆ ಕಡತದಲ್ಲಿ ಇನ್ನೂ ಖಾಲಿ ಇದೆಯೆಂದು ಇಬ್ಬರಿಗೂ ಗೊತ್ತಿತ್ತು. ಮೊದಲು ತುಂಬಬೇಕಾದದ್ದು ಅದೇ. ಫೋಟೋದ ಅವಸರದಲ್ಲಿ ಕೊನೆಗೆ ತುಂಬಿದರಾಯಿತು ಎಂದುಕೊಂಡಿದ್ದಳು. ಈಗ ಹೂಂ ಎಂದರೆ ಮುಗಿಯಿತು. ಪದವಿ ಬರುತ್ತದೆ. ಎಪ್ಪತ್ತೆಂಟರ ಮುದುಕನಿಗೆ ಅರಳುಮರಳು ಎಂದು ಎಲ್ಲರೂ ಒಪ್ಪುತ್ತಾರೆ.

ಯಜಮಾನರು ಮಗಳ ಕಡೆ ತಿರುಗಿದ್ದರು. “ಹೌದೇನೇ? ಇರಲಿಲ್ವೇನೇ?” ಆ ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು. ಅದನ್ನು ಕೇಳಿ ಅವಳಿಗೆ ತಡೆಯಲಾಗಲಿಲ್ಲ.

“ಇತ್ತು,” ಎಂದಳು. “ನಾನೇ ಕಿತ್ತೆ. ಎಲ್ಲವನ್ನೂ.”

ಮೇಲ್ವಿಚಾರಕರ ಕೀಲಿಗೊಂಚಲು ನಿಂತಿತು.

“ನೀವು ಸ್ವಲ್ಪ ಹೊರಗೆ ಬನ್ನಿ,” ಎಂದರು ಮೇಡಂ. ಅಲ್ಲಿಯವರೆಗೆ ‘ಏನಮ್ಮ’ ಎನ್ನುತ್ತಿದ್ದವರು ‘ನೀವು’ ಎಂದಾಗಲೇ ಅವಳಿಗೆ ತಿಳಿದುಹೋಯಿತು. ಹೊರಗೆ ಮೇಡಂ ದನಿ ಏರಿಸಲಿಲ್ಲ. “ಸ್ಥಿತಿ ವರದಿ ಬರೆಯದೆ ವಸ್ತು ಮುಟ್ಟಿದ್ದೀರಿ. ಕಿತ್ತದ್ದಕ್ಕೆ ದಾಖಲೆ ಇಲ್ಲ. ಮೊದಲನೇ ವರ್ಷದ ಮಕ್ಕಳೂ ಮಾಡದ ತಪ್ಪು ಇದು. ನಾನು ಫೇಲ್ ಅಂತ ಬರೀತೀನಿ.”

“ಮೂಲ ರೂಪ ಕಾಣಲಿ ಅಂತ ನೀವೇ...”

“ಸ್ವಚ್ಛ ಮಾಡಿ ಅಂದೆ. ಕಿತ್ತುಹಾಕಿ ಅಂದ್ನಾ? ನನ್ನ ಹೆಸರು ಇದರಲ್ಲಿ ತರಬೇಡಿ.”

ಅಂದಿರಲಿಲ್ಲ, ನಿಜ. ಕೈ ತೊಳೆದುಕೊಂಡು ಮೇಡಂ ಮೆಟ್ಟಿಲಿಳಿದು ಹೋದರು. ಅವರ ಚಪ್ಪಲಿಯ ಸದ್ದು ಕೊನೆಯವರೆಗೂ ಒಂದೇ ಲಯದಲ್ಲಿ ಕೇಳಿಸಿತು. ಅವಳಿಗೆ ಅಳು ಬರಲಿಲ್ಲ. ಅಕ್ಕನಿಗೆ ಏನು ಹೇಳುವುದು ಎಂದು ಯೋಚಿಸುತ್ತಿದ್ದಾಗ ಮೇಲ್ವಿಚಾರಕರು ನೀರು ಕುಡಿಯುವ ನೆಪದಲ್ಲಿ ಹೊರಗೆ ಬಂದರು.

“ಮೂರು ದಿನ ನೋಡ್ತಾ ಕೂತಿದ್ರಲ್ಲ ಅಣ್ಣ. ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು. ನನ್ನ ಬೂಟೂ ಅವರೇ ಹೊಲಿದಿದ್ದು.”

“ಒಂದು ಮಾತು ಹೇಳಬಾರದಿತ್ತಾ?”

“ಕೇಳಿದ್ರಾ?” ಎಂದರು ಅವರು. “ಚೆನ್ನಾಗಿದೆಯಾ ಅಂತ ಕೇಳಿದ್ರಿ. ಚೆನ್ನಾಗಿತ್ತು.”

ಕಪಾಳಕ್ಕೆ ಬಾರಿಸಬೇಕೆನ್ನಿಸಿತು. ಅವರಿಗೋ ತನಗೋ ಎಂದು ತಿಳಿಯದೆ ಅವಳು ಒಳಗೆ ಹೋದಳು.

ಒಳಗೆ ಯಜಮಾನರು ಅಚ್ಚುಗಳನ್ನು ಚೀಲಕ್ಕೆ ತುಂಬಲು ಹೊರಟಿದ್ದರು. ಮಗಳು ಅವರ ಕೈ ಹಿಡಿದುಕೊಂಡಿದ್ದಳು. “ಅಪ್ಪ, ದಾನಪತ್ರಕ್ಕೆ ಸಹಿ ಹಾಕಿದೀಯ. ತಗೊಂಡು ಹೋಗೋ ಹಾಗಿಲ್ಲ.”

“ನನ್ನ ಸಾಮಾನು ನಾನು ತಗೊಂಡು ಹೋಗೋಕೆ ಯಾರನ್ನ ಕೇಳ್ಬೇಕು?”

“ಈಗ ಅದು ನಿನ್ನದಲ್ಲ.”

“ನಿನ್ನ ಮಾತು ಕೇಳಿ ಕೆಟ್ಟೆ,” ಎಂದರು ಯಜಮಾನರು. ಮಗಳು ಕೈ ಬಿಡಲಿಲ್ಲ. ಕೊನೆಗೆ ಅವರೇ ಸೋತು ಕುರ್ಚಿಯಲ್ಲಿ ಕುಕ್ಕರಿಸಿದರು.

ಅವಳು ಕಪಾಟಿನಿಂದ ಒಂದು ಪ್ಲಾಸ್ಟಿಕ್ ಡಬ್ಬಿ ತಂದು ಅವರ ಮುಂದಿಟ್ಟಳು. ಏನನ್ನು ಕಿತ್ತರೂ ಎಸೆಯಬಾರದು ಎಂಬ ಒಂದು ನಿಯಮವನ್ನು ಮಾತ್ರ ಪಾಲಿಸಿದ್ದಳು. ಒಂದೊಂದು ಚೂರನ್ನೂ ಬೇರೆ ಬೇರೆ ಪೊಟ್ಟಣದಲ್ಲಿಟ್ಟು, ಅಚ್ಚಿನ ಸಂಖ್ಯೆ ಬರೆಯಬೇಕು ಎಂಬ ಇನ್ನೊಂದು ನಿಯಮವನ್ನು ನುಂಗಿಹಾಕಿದ್ದಳು. ಡಬ್ಬಿಯಲ್ಲಿ ನೂರಕ್ಕೂ ಹೆಚ್ಚು ಚೂರುಗಳು ಕಲೆಸಿಹೋಗಿದ್ದವು.

“ಎಲ್ಲಾ ಇದರಲ್ಲಿದೆ, ಯಜಮಾನ್ರೇ. ನೀವು ಹೇಳಿದ್ರೆ ಒಂದೊಂದನ್ನೂ ಅದರ ಜಾಗಕ್ಕೆ ಸೇರಿಸಬಹುದು. ನೀವೇ ಹೇಳ್ಬೇಕು. ಬೇರೆ ಯಾರಿಗೂ ಗೊತ್ತಿಲ್ಲ.”

“ನಿನ್ನ ಪರೀಕ್ಷೆ ಪಾಸು ಮಾಡ್ಸೋಕಾ?”

“ಆ ಪರೀಕ್ಷೆ ಮುಗೀತು. ಫೇಲ್ ಆದೆ.”

ಯಜಮಾನರು ಅವಳನ್ನು ಮೇಲಿಂದ ಕೆಳಗೆ ನೋಡಿದರು. “ಒಳ್ಳೇದಾಯ್ತು,” ಎಂದರು, ಕುಶಾಲಿಗಲ್ಲ. ಆಮೇಲೆ ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿದರು.

ಮೊದಲನೆಯದು ಸಲೀಸಾಗಿ ಸಿಕ್ಕಿತು. ಮೂರು ಚೂರು ಒಂದರ ಮೇಲೊಂದು ಅಂಟಿಕೊಂಡೇ ಉಳಿದಿದ್ದವು. “ಪೋಸ್ಟ್‌ಮಾಸ್ಟರ್. ಬಲಗಾಲು. ಬರ್ಕೋ.” ಅವಳು ಪೆನ್ಸಿಲಿನಲ್ಲಿ ಬರೆದುಕೊಂಡಳು. ಎರಡನೆಯದು ಪಿಟೀಲು ಮೇಷ್ಟ್ರು. ಪಾಠ ಹೇಳುತ್ತಾ ನೆಲಕ್ಕೆ ಕಾಲು ಬಡಿದು ಬಡಿದು ಹೆಬ್ಬೆರಳಿನ ಬುಡ ದಪ್ಪಗಾಗಿತ್ತಂತೆ. “ಹೊಸ ಬೂಟು ಹಾಕ್ಕೊಂಡು ಇಲ್ಲೇ ತಾಳ ಹಾಕಿ ನೋಡೋರು. ಶ್ರುತಿ ಸರಿ ಇಲ್ಲ ಅನ್ನೋರು, ಬೂಟಿಗೆ!” ಯಜಮಾನರ ತುಟಿಯಂಚಿನಲ್ಲಿ ನಗು ಬಂದು, ಎದುರಿಗೆ ಯಾರಿದ್ದಾರೆಂದು ನೆನಪಾಗಿ ಆರಿತು. ಮೂರನೆಯದು ಒಬ್ಬ ದರ್ಜಿ ಹೆಂಗಸು, ಹೊಲಿಗೆ ಯಂತ್ರ ತುಳಿದ ಕಾಲು.

ನಾಲ್ಕನೆಯ ಅಚ್ಚಿಗೆ ಹೊತ್ತಾಯಿತು. ಎಡಗಾಲು. ಒಂದು ಚೂರು ಇಟ್ಟು ನೋಡಿದರು, ತೆಗೆದರು. ಇನ್ನೊಂದು ಇಟ್ಟರು. ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ಸವರಿದರು. ಬೆರಳು ಅದೇ ಜಾಗದಲ್ಲಿ ಹೋಗಿ ಬಂದು, ಹೋಗಿ ಬಂದು, ಏನನ್ನೂ ಕಾಣದೆ ನಿಂತಿತು. ಅಷ್ಟೂ ವರ್ಷ ಆ ಗಿರಾಕಿಗಳೆಲ್ಲ ತಮ್ಮ ತಲೆಯಲ್ಲಿದ್ದಾರೆ ಎಂದೇ ಅವರು ನಂಬಿದ್ದರೇನೋ. ನೆನಪು ಇದ್ದದ್ದು ಆ ಚೂರುಗಳು ಕೂತ ಜಾಗದಲ್ಲಿ. ತಾನು ಕಿತ್ತದ್ದು ಏನು ಎಂದು ಅವಳಿಗೆ ಈಗ ಪೂರ್ತಿಯಾಗಿ ತಿಳಿಯಿತು, ತಿಳಿಯದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

“ಸ್ಟೇಷನ್ ಮಾಸ್ಟರ್,” ಎಂದರು ಯಜಮಾನರು, ಥಟ್ಟನೆ, ಜೋರಾಗಿ. “ಎಡಗಾಲು. ಬರ್ಕೋ.”

ಬರೆದುಕೊಂಡಳು. ಅಲ್ಲಿಂದ ಮುಂದೆ ಅವರು ತಡಮಾಡಲಿಲ್ಲ. ಔಷಧಿ ಅಂಗಡಿಯವರು. ಪ್ರೆಸ್ಸಿನ ಮಾಲೀಕರು. ಅಚ್ಚು ಎತ್ತುವುದು, ಕೈಗೆ ಸಿಕ್ಕ ಚೂರು ಇಡುವುದು, ಹೆಸರು ಹೇಳುವುದು. ಕಥೆಗಳು ನಿಂತುಹೋಗಿದ್ದವು. ಹೇಳುವ ದನಿ ಮಾತ್ರ ಒಂದಕ್ಕಿಂತ ಒಂದು ಗಟ್ಟಿಯಾಗುತ್ತಿತ್ತು. ಕೈ ನಡುಗುವುದನ್ನು ಮುಚ್ಚಿಕೊಳ್ಳಲು ಮೊಣಕೈಯನ್ನು ಮೇಜಿಗೆ ಒತ್ತಿಕೊಂಡಿದ್ದರು.

“ಇದು ಸ್ಟೇಷನ್ ಮಾಸ್ಟರ್‌ದು. ಬರ್ಕೋ.”

ಅವಳ ಪೆನ್ಸಿಲ್ ನಿಂತಿತು. ಮೂರು ಸಾಲು ಮೇಲೆ ಸ್ಟೇಷನ್ ಮಾಸ್ಟರ್ ಆಗಲೇ ಇದ್ದರು. ಅದೂ ಎಡಗಾಲು, ಇದೂ ಎಡಗಾಲು. ತಲೆಯೆತ್ತಿದಳು. ಮಗಳು ಅವಳನ್ನೇ ನೋಡುತ್ತಿದ್ದಳು. ಬಂದಾಗಿನಿಂದ ಅವಳೊಡನೆ ನೆಟ್ಟಗೆ ಒಂದು ಮಾತಾಡದ ಆ ನರ್ಸು, ಅಪ್ಪನ ಬೆನ್ನ ಹಿಂದಿನಿಂದ, ಬೇಡ ಎಂದು ತಲೆಯಾಡಿಸಿದಳು. ಕಣ್ಣು ತುಂಬಿತ್ತು.

“ಏನು ನೋಡ್ತೀಯ? ಅಷ್ಟು ಓದಿದೀಯ, ಬರೆಯೋಕೆ ಬರಲ್ವಾ?”

“ಬರುತ್ತೆ, ಯಜಮಾನ್ರೇ.”

ಸ್ಟೇಷನ್ ಮಾಸ್ಟರ್, ಎಡಗಾಲು ಎಂದು ಬರೆದಳು. ಪಕ್ಕದಲ್ಲಿ ಅನುಮಾನವಿದ್ದರೆ ಗುರುತು ಹಾಕಲು ಸಣ್ಣದೊಂದು ಚೌಕವಿತ್ತು. ಅದನ್ನು ಖಾಲಿ ಬಿಟ್ಟಳು.

“ಬರ್ಕೊಂಡ್ಯಾ?”

“ಬರ್ಕೊಂಡೆ.”

ಅವರು ಇಟ್ಟ ಚರ್ಮದ ಚೂರು ಆ ಮರಕ್ಕೆ ಹೊಂದದೆ ಮೆಲ್ಲನೆ ಜಾರತೊಡಗಿತು. ಬಿದ್ದುಹೋಗುವ ಮೊದಲೇ ಅವಳು ಕೈ ಚಾಚಿ ಅದನ್ನು ಬರಿ ಬೆರಳಿನಿಂದ ಒತ್ತಿ ಹಿಡಿದುಕೊಂಡಳು. ಯಜಮಾನರು ಆ ಕಡೆ ನೋಡಲಿಲ್ಲ. ಮುಂದಿನ ಅಚ್ಚನ್ನು ಎತ್ತಿಕೊಂಡರು.