ಐದು ನಿಮಿಷದ ಮಾವ

ಸೇವಾ ಸಂಘದ ಗುರುವಾರದ ಸಭೆ ಸಂಜೆ ಆರಕ್ಕೆ. ಗಡಿಯಾರ ರಿಪೇರಿಯ ಮುದುಕರು ಬರುವುದು ಆರು ಗಂಟೆ ಐದು ನಿಮಿಷಕ್ಕೆ. ಹನ್ನೊಂದು ವರ್ಷಗಳಿಂದ ಇದರಲ್ಲಿ ಒಂದು ನಿಮಿಷವೂ ಆಚೀಚೆ ಆದದ್ದಿಲ್ಲ. ಊರಿನ ಅರ್ಧ ಜನರ ಕೈಗಡಿಯಾರ ಅವರ ಕೈಯಲ್ಲೇ ಸರಿಹೋಗಬೇಕು. ಸಭಾಂಗಣದ ಗೋಡೆ ಗಡಿಯಾರಕ್ಕೂ ಸಭೆ ಮುಗಿದ ಮೇಲೆ ಸ್ಟೂಲು ಹತ್ತಿ ಕೀ ಕೊಡುವವರು ಅವರೇ. ಅಂಥವರು ಸಭೆಗೆ ಮಾತ್ರ ತಡ. ಸದಸ್ಯರು ಅವರಿಗೆ ‘ಐದು ನಿಮಿಷದ ಮಾವ’ ಎಂದು ಹೆಸರಿಟ್ಟುಬಿಟ್ಟಿದ್ದರು. ಅವರು ಒಳಗೆ ಕಾಲಿಟ್ಟರೆ ಯಾರೂ ಗಡಿಯಾರ ನೋಡುತ್ತಿರಲಿಲ್ಲ, ಆರೂ ಐದು ಆಯಿತೆಂದೇ ಲೆಕ್ಕ.

ತಡವಾಗಿ ಬಂದವರು ಬಾಗಿಲ ಬಳಿಯ ತಗಡಿನ ಡಬ್ಬಿಗೆ ದಂಡ ಹಾಕಬೇಕೆಂಬುದು ಸಂಘದ ಪದ್ಧತಿ. ಆ ದುಡ್ಡಿನಲ್ಲಿ ಸಭೆಗೆ ಬಿಸ್ಕತ್ತು ಬರುತ್ತಿತ್ತು. ಬಿಸ್ಕತ್ತು ಬರುತ್ತಿದ್ದದ್ದು ಬೇಕರಿಯವರ ಅಂಗಡಿಯಿಂದ, ಬೇಕರಿಯವರೇ ಸಂಘದ ಅಧ್ಯಕ್ಷರು. ಮಾವ ನಾಣ್ಯ ಹಾಕುವಾಗ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರೂ ಅವರೇ.

ಆ ವರ್ಷ ಸಂಘದ ಪ್ರತಿಷ್ಠಾನದ ಹೊಣೆ ಕನ್ನಡಕದಕ್ಕನ ಹೆಗಲಿಗೆ ಬಿತ್ತು. ಆಕೆಗೆ ಬಸ್ ನಿಲ್ದಾಣದ ಎದುರು ಕನ್ನಡಕದ ಅಂಗಡಿ. ಜನರ ಕಣ್ಣು ಪರೀಕ್ಷಿಸಿ ಪರೀಕ್ಷಿಸಿ, ಯಾವುದನ್ನೂ ಹತ್ತಿರ ಹೋಗಿ ನೋಡದೆ ಬಿಡುವ ಸ್ವಭಾವ ಅವಳದಲ್ಲ. ಹಳೆಯ ಅಂಚೆ ಕಚೇರಿಯ ಹಿಂಬದಿಯಲ್ಲಿ ಪ್ರತಿಷ್ಠಾನದ್ದೊಂದು ಕೋಣೆಯಿತ್ತು. ರೋಗಿಯ ಮಂಚ, ಗಾಲಿಕುರ್ಚಿ, ಊರುಗೋಲು, ಉಸಿರಾಟದ ಯಂತ್ರ, ಬೇಕಾದವರು ಬಿಟ್ಟಿಯಾಗಿ ಒಯ್ದು ವಾಸಿಯಾದ ಮೇಲೆ ತಂದುಕೊಡಬಹುದು. ಅದನ್ನು ನೋಡಿಕೊಳ್ಳಲು ಒಬ್ಬ ನರ್ಸಮ್ಮ. ಕೋಣೆಯ ಬಾಡಿಗೆ, ನರ್ಸಮ್ಮನ ಸಂಬಳ ತಿಂಗಳು ತಿಂಗಳು ಬೇಕು. ಸದಸ್ಯರಾದರೋ ವರ್ಷಕ್ಕೊಮ್ಮೆ ವಾರ್ಷಿಕೋತ್ಸವದಲ್ಲಿ, ಫೋಟೋದವನು ಬಂದಿದ್ದಾನೆಂದು ಖಾತ್ರಿಯಾದ ಮೇಲೆ, ದೊಡ್ಡ ಚೆಕ್ಕು ಹಿಡಿದು ನಿಲ್ಲುವವರು. ಆರು ತಿಂಗಳಲ್ಲಿ ಅದು ಕರಗಿಹೋಗುತ್ತಿತ್ತು. ಈ ಸಲ ಕಟ್ಟಡದ ಮಾಲೀಕರು ಖಡಾಖಂಡಿತವಾಗಿ ಹೇಳಿದ್ದರು: ಪ್ರತಿ ತಿಂಗಳು ಕೊಡುವವರು ಇಪ್ಪತ್ತು ಜನರಾದರೂ ಸಹಿ ಹಾಕಿದ ಪಟ್ಟಿ ತೋರಿಸಿ, ಇಲ್ಲವೇ ತಿಂಗಳ ಕೊನೆಗೆ ಖಾಲಿ ಮಾಡಿ.

ಕನ್ನಡಕದಕ್ಕ ಮೂರು ಗುರುವಾರ ಫಾರಂ ಹಂಚಿದಳು. ಮೂರು ಗುರುವಾರವೂ ‘ಮಾಡೋಣ’, ‘ನೋಡೋಣ’ ಎಂದು ಎಲ್ಲರೂ ಅಡ್ಡಗೋಡೆಯ ಮೇಲೆ ದೀಪವಿಟ್ಟರು. ಸಹಿಯಾದದ್ದು ನಾಲ್ಕು. ಉಳಿದ ಫಾರಂಗಳು ಟೀ ಲೋಟದ ಕೆಳಗೆ ದುಂಡು ಕಲೆ ಹೊತ್ತು ವಾಪಸು ಬಂದವು. ಉಳಿದಿದ್ದದ್ದು ಇನ್ನೊಂದೇ ಗುರುವಾರ.

“ನಲವತ್ತು ಮನೆಯಲ್ಲಿ ನಮ್ಮ ಸಾಮಾನಿದೆ ಅಕ್ಕಾ,” ಎಂದಳು ನರ್ಸಮ್ಮ. “ಮಲಗಿರೋರ ಕೆಳಗಿಂದ ಮಂಚ ಎಳ್ಕೊಂಡ್ ಬಾ ಅಂದ್ರೆ ನನ್ ಕೈಲಾಗಲ್ಲ.”

“ನಾನಿದ್ದೀನಿ,” ಎಂದುಬಿಟ್ಟಳು ಕನ್ನಡಕದಕ್ಕ. ಅಂದಮೇಲೆ ಭಯವಾಯಿತು.

ಆ ವಾರ ಅವಳು ಸಭೆಯ ಹಾಲ್‌ಗೆ ಹೋಗಿದ್ದದ್ದು ನರ್ಸಮ್ಮನ ಹಳೆಯ ನೋಂದಣಿ ಪುಸ್ತಕ ಹುಡುಕಲು. ಅಂದು ಸಭೆಯಿರಲಿಲ್ಲ, ಮಹಿಳೆಯರ ಹೊಲಿಗೆ ತರಗತಿಯ ದಿನವದು. ಕಿಟಕಿಯಿಂದ ಹೊರಗೆ ನೋಡಿದಾಗ ರಸ್ತೆಯಾಚೆಯ ಬಸ್ ತಂಗುದಾಣದ ಬೆಂಚು ಕಂಡಿತು. ಖಾಲಿ ಬೆಂಚು. ಆದರೆ ಕಳೆದ ಗುರುವಾರ ಐದೂ ಮುಕ್ಕಾಲಿಗೆ, ಫಾರಂ ಜೋಡಿಸುತ್ತಾ ಇದೇ ಕಿಟಕಿಯಲ್ಲಿ ನಿಂತಿದ್ದಾಗ, ಅಲ್ಲಿ ಮಾವ ಕೂತಿದ್ದರಲ್ಲ? ಅದರ ಹಿಂದಿನ ವಾರವೂ? ತಲೆಗೆ ಹುಳ ಹೊಕ್ಕಿತು. ಹದಿನೈದು ನಿಮಿಷ ಮೊದಲೇ ಬಂದ ಮನುಷ್ಯ ಐದು ನಿಮಿಷ ತಡವಾಗುವುದು ಹೇಗೆ?

ಮರುದಿನ ಸರಿಯಾಗಿಯೇ ನಡೆಯುತ್ತಿದ್ದ ತನ್ನ ಕೈಗಡಿಯಾರವನ್ನು ಬಿಚ್ಚಿಕೊಂಡು ಅವರ ಅಂಗಡಿಗೆ ಹೋದಳು. ಅಂಗಡಿಯೆಂದರೆ ಎರಡು ಮಳಿಗೆಗಳ ನಡುವಿನ ಸಂದು. ಒಂದು ಮೇಜು, ಒಂದು ದೀಪ, ಗೋಡೆ ತುಂಬ ಒಂದೇ ಸಮಯ ತೋರಿಸುವ ಗಡಿಯಾರಗಳು.

ಮಾವ ಭೂತಗನ್ನಡಿ ಕಣ್ಣಿಗೇರಿಸಿ ನೋಡಿ, “ಇದಕ್ಕೇನಾಗಿದೆಯಮ್ಮಾ? ನನಗಿಂತ ಗಟ್ಟಿಯಾಗಿದೆ,” ಎಂದರು.

“ಗಡಿಯಾರಕ್ಕೇನೂ ಆಗಿಲ್ಲ ಮಾವಾ. ನನಗೇ ನಿದ್ದೆ ಬರ್ತಿಲ್ಲ. ನೀವು ಬೇಗ ಬಂದು ಬಸ್ ಸ್ಟಾಪಲ್ಲಿ ಯಾಕೆ ಕೂತ್ಕೋತೀರಿ?”

ಅವರು ಭೂತಗನ್ನಡಿ ತೆಗೆದರು. ಕದ್ದು ಸಿಕ್ಕಿಬಿದ್ದವರ ಹಾಗೆ ಮುಖ ಕೆಂಪಾಯಿತು.

“ಯಾರಿಗೂ ಹೇಳ್ಬೇಡ. ನಿಮ್ಮತ್ತೆ ಹಾಸಿಗೆ ಹಿಡಿದಾಗ ಆ ಕೋಣೆಯಿಂದಾನೇ ಮಂಚ ತಂದಿದ್ದು. ತಲೆ ಕಡೆ ಏರಿಸೋ ಹಿಡಿ ಇರತ್ತಲ್ಲ, ಅದು. ಹತ್ತು ತಿಂಗಳು ಕಿಟಕಿ ನೋಡ್ಕೊಂಡು ಮಲಗಿದ್ಲು. ಹೋದಮೇಲೆ ಮಂಚ ವಾಪಸು ಕೊಟ್ಟು, ಎಷ್ಟಾಯ್ತು ಅಂದೆ. ಏನೂ ಇಲ್ಲ ಅಂದ್ರು. ನನಗದು ತಡ್ಕೊಳೋಕಾಗ್ಲಿಲ್ಲ. ಸಂಘ ಸೇರ್ದೆ. ಫಾರಂ ಕೊಟ್ರು. ಅದರಲ್ಲಿ ಕನಿಷ್ಠ ಇಷ್ಟು ಅಂತ ಅಚ್ಚಾಗಿತ್ತು. ಅಷ್ಟು ನನಗೆ ತಿಂಗಳಿಗೇ ಹುಟ್ಟಲ್ಲ. ಅದಕ್ಕಿಂತ ಕಮ್ಮಿ ಬರೆಯೋಕೆ ನಾಚಿಕೆ. ಹೀಗಿರೋವಾಗ ಒಂದು ದಿನ ನಿಜವಾಗ್ಲೂ ಲೇಟಾಯ್ತು, ಡಬ್ಬಿಗೆ ದಂಡ ಹಾಕ್ದೆ. ಆಗ ಹೊಳೀತು. ಕೋಣೆಗೇ ತಾನೇ ಹೋಗೋದು ಆ ದುಡ್ಡು? ವಾರವಾರ ಹಾಕಬಹುದಲ್ಲ, ಯಾರೂ ಎಷ್ಟು ಅಂತ ಕೇಳಲ್ಲ.”

ಡಬ್ಬಿಯ ದುಡ್ಡು ಎಲ್ಲಿಗೆ ಹೋಗುತ್ತದೆಂದು ಈ ಮುದುಕರಿಗೆ ಯಾರೂ ಹೇಳಿರಲಿಲ್ಲ. ಸಭೆಯಲ್ಲಿ ಬಿಸ್ಕತ್ತಿನ ತಟ್ಟೆ ಬಂದಾಗಲೆಲ್ಲ ಅವರು ಕೈಯಾಡಿಸಿ ಬೇಡವೆನ್ನುತ್ತಿದ್ದದ್ದು ಕನ್ನಡಕದಕ್ಕನಿಗೆ ನೆನಪಾಯಿತು. ಅದೇ ತಟ್ಟೆಯಿಂದ ಅವಳು ಎರಡೆರಡು ತೆಗೆದುಕೊಂಡಿದ್ದಳು. ಅದನ್ನು ಹೇಳದೆ, “ಯಾರಿಗೂ ಹೇಳಲ್ಲ,” ಎಂದಷ್ಟೇ ಅಂದು ಗಡಿಯಾರ ಕಟ್ಟಿಕೊಂಡು ಹೊರಗೆ ಬಂದಳು.

ಗುರುವಾರ ಆರು ಹೊಡೆಯಿತು. ಇಪ್ಪತ್ತಾರು ಜನ ಬಂದಿದ್ದರು, ತಟ್ಟೆಯೂ ಬಂದಿತ್ತು. ಕನ್ನಡಕದಕ್ಕ ಎದ್ದು ನಿಂತು ಬಾಗಿಲು ಮುಂದೆ ಮಾಡಿದಳು.

“ನನಗೆ ಐದು ನಿಮಿಷ ಕೊಡಿ. ಇರೋದೇ ಅಷ್ಟು. ಯಾರಿಗೂ ಹೇಳಲ್ಲ ಅಂತ ಒಪ್ಕೊಂಡಿದ್ದೆ, ಮಾತು ತಪ್ತಾ ಇದ್ದೀನಿ,” ಎಂದು ಕಿಟಕಿಯ ಪರದೆ ಸರಿಸಿದಳು. “ಅಲ್ಲಿ ನೋಡಿ.”

ತಂಗುದಾಣದ ಬೆಂಚಿನಲ್ಲಿ ಮಾವ ಕೂತಿದ್ದರು. ಒಂದು ಬಸ್ಸು ಬಂತು, ನಿಂತಿತು, ಹೋಯಿತು. ಅವರು ಹತ್ತಲಿಲ್ಲ. ಮಣಿಕಟ್ಟು ನೋಡಿಕೊಂಡರು.

ಅವಳು ಮಂಚದ ಕತೆ ಹೇಳಿದಳು, ಫಾರಂನಲ್ಲಿ ಅಚ್ಚಾದ ಕನಿಷ್ಠದ ಕತೆ ಹೇಳಿದಳು, ಡಬ್ಬಿಯದ್ದೂ ಹೇಳಿದಳು. ಭಾಷಣದ ಹಾಗೆ ಹೇಳಲಾಗಲಿಲ್ಲ. ಕೈಯಲ್ಲಿ ಬಿಸ್ಕತ್ತು ಹಿಡಿದಿದ್ದವರು ಅದನ್ನು ಬಾಯಿಗೂ ಹಾಕಲಾರದೆ, ತಟ್ಟೆಗೂ ಇಡಲಾರದೆ ಕೂತರು. ಹೊರಗೆ ಮಾವ ಎದ್ದು ರಸ್ತೆ ದಾಟತೊಡಗಿದ್ದರು.

ಆರೂ ಐದು. ಬಾಗಿಲು ತೆರೆಯಿತು. ಮಾವ ಎಂದಿನಂತೆ ತಪ್ಪಿತಸ್ಥರ ನಗೆ ನಕ್ಕು ಜೇಬಿಗೆ ಕೈ ಹಾಕಿದರು. ಯಾರೂ ನಗಲಿಲ್ಲ.

ಬೇಕರಿಯವರು ಎದ್ದು ಹೋಗಿ ಅವರ ಕೈ ಹಿಡಿದುಕೊಂಡರು. “ಹಾಕ್ಬೇಡಿ ಮಾವಾ. ಆ ದುಡ್ಡು ಕೋಣೆಗೆ ಹೋಗ್ತಿರ್ಲಿಲ್ಲ. ನನ್ನಂಗಡಿಗೆ ಬರ್ತಿತ್ತು, ಬಿಸ್ಕತ್ತಿಗೆ. ಅಷ್ಟನ್ನೂ ನಾನು ಕೋಣೆಗೆ ಕಟ್ತೀನಿ. ಆದ್ರೆ ನಾನು ನಕ್ಕಿದ್ದನ್ನ ಏನ್ ಮಾಡ್ಲಿ?”

ಮಾವ ಕನ್ನಡಕದಕ್ಕನನ್ನು ನೋಡಿದರು. ಅವಳು ತಲೆ ತಗ್ಗಿಸಿದಳು. ಮಾವ ತಟ್ಟೆಯ ಬಳಿ ಹೋಗಿ ಒಂದು ಬಿಸ್ಕತ್ತು ತೆಗೆದುಕೊಂಡು ಕಚ್ಚಿದರು.

“ಹನ್ನೊಂದು ವರ್ಷ ನಿಮಗೆಲ್ಲ ತಿನ್ನಿಸಿದ್ದೀನಿ ಅನ್ನಿ,” ಎಂದರು. “ಚೆನ್ನಾಗೇ ಇದೆ. ಉಪ್ಪು ಒಂಚೂರು ಕಮ್ಮಿ.”

ಆಗ ಕೆಲವರು ನಕ್ಕರು, ಕೆಲವರು ಕಣ್ಣೊರೆಸಿಕೊಂಡರು. ಕನ್ನಡಕದಕ್ಕ ಹೊಸ ಫಾರಂ ಹಂಚಿದಳು. ‘ಕನಿಷ್ಠ’ ಎಂಬ ಸಾಲೇ ಅದರಲ್ಲಿರಲಿಲ್ಲ. ಮಾವ ವಾರದ ದಂಡವನ್ನು ನಾಲ್ಕರಿಂದ ಗುಣಿಸಿ ಬರೆದು, ಎಲ್ಲರಿಗೂ ಕಾಣುವಂತೆ ಮೇಜಿನ ನಡುವೆ ಇಟ್ಟರು. ಅಂದು ಸಹಿ ಹಾಕದೆ ಮನೆಗೆ ಹೋದವರು ಇಬ್ಬರೇ, ಅವರದೂ ಶನಿವಾರ ಕನ್ನಡಕದ ಅಂಗಡಿಗೆ ಬಂತು. ಡಬ್ಬಿಯ ಮೇಲೆ ಬೇಕರಿಯವರು ‘ಕೋಣೆಗೆ’ ಎಂದು ಸ್ವಂತ ಕೈಯಿಂದ ಬರೆದರು.

ಮುಂದಿನ ಗುರುವಾರ ಕನ್ನಡಕದಕ್ಕ ಐದೂ ಮುಕ್ಕಾಲಿಗೆ ಸಭಾಂಗಣದ ಬಾಗಿಲು ತೆರೆದಾಗ ಮಾವ ಮೆಟ್ಟಿಲ ಮೇಲೆ ನಿಂತಿದ್ದರು. ಇನ್ನು ತಡ ಮಾಡಲು ಅವರಿಗೆ ಕಾರಣವಿರಲಿಲ್ಲ. ಒಳಗೆ ಬಂದು ಮುಂದಿನ ಸಾಲಿನಲ್ಲಿ ಕಾಲು ಚಾಚಿ ಕೂತರು.

ಐದು ಐವತ್ತಕ್ಕೆ ಬೇಕರಿಯವರು ಬಂದರು. ಹೊಸ್ತಿಲಲ್ಲೇ ಅವರ ಕಣ್ಣಿಗೆ ಮಾವ ಬಿದ್ದರು. “ಅಯ್ಯೋ, ಲೇಟಾಗೋಯ್ತಾ,” ಎಂದು ಗೊಣಗುತ್ತಾ ಜೇಬು ತಡಕಿ ಡಬ್ಬಿಗೆ ದಂಡ ಹಾಕಿದರು. ಅವರ ಹಿಂದೆ ಬಂದ ಮೂವರೂ ಒಳಗೆ ಇಣುಕಿ, ಮಾವನನ್ನು ಕಂಡು, ಗೋಡೆಯ ಕಡೆ ತಿರುಗಿಯೂ ನೋಡದೆ ಹಾಕಿದರು.

ಇನ್ನೂ ಆರಾಗಿಲ್ಲವೆಂದು ಹೇಳಲು ಕನ್ನಡಕದಕ್ಕ ಬಾಯಿ ತೆರೆದಳು. ಮಾವ ತುಟಿಯ ಮೇಲೆ ಬೆರಳಿಟ್ಟರು.